ಮರಳಿ ಮೆಟ್ಟುವ ನೆಲ

ಎಲ್ಲಿಗೆ ಹೋಗಬೇಕೆಂದು ಬರೆದಿಟ್ಟುಕೊಳ್ಳುವಾಗ, ನಾವು ಯಾವುದನ್ನು ದೊಡ್ಡದೆಂದು ನಂಬಿದ್ದೇವೆ ಎಂಬುದನ್ನೂ ಬರೆದಿಟ್ಟಿರುತ್ತೇವೆ. ತೀರ್ಥಕ್ಷೇತ್ರಗಳಿಗೆ ಹೊರಟವರ ಪಟ್ಟಿ ಒಂದು ಬಗೆ, ಮಕ್ಕಳಿಗೆ ಸಮುದ್ರ ತೋರಿಸಲು ಹೊರಟವರ ಪಟ್ಟಿ ಇನ್ನೊಂದು ಬಗೆ. ನಮ್ಮ ಹೊಸಮನೆ ಬಡಾವಣೆಯ ಒಂದು ಮನೆಯಲ್ಲಿ ಈಚೆಗೆ ತಯಾರಾದ ಪಟ್ಟಿ ಈ ಎರಡಕ್ಕೂ ಸೇರದ್ದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸಂಬಳದಲ್ಲಿ ಓದಿ, ಕಾರ್ಖಾನೆಯ ಸೈರನ್ನು ಕೇಳಿ ಹೊತ್ತು ತಿಳಿಯುತ್ತಿದ್ದ ಹುಡುಗರು ಇಂದು ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ನೆಲೆ ನಿಂತಿದ್ದಾರೆ. ಅವರಲ್ಲಿ ನಾಲ್ಕಾರು ಮಂದಿ ಗಾಲ್ಫ್ ಕಲಿತಿದ್ದಾರೆ. ರಜೆಗೆ ಊರಿಗೆ ಬಂದಾಗ ಎಲ್ಲರೂ ಕೂಡಿ ನಾಡಿನ ಹೆಸರಾಂತ ಕೋರ್ಸ್‌ಗಳಲ್ಲಿ ಆಡಿಬರಬೇಕೆಂಬುದು ಅವರ ಬಯಕೆ.

ಪಟ್ಟಿ ಹೀಗಿದೆ. ಬೆಂಗಳೂರು ಗಾಲ್ಫ್ ಕ್ಲಬ್, ಹಳೆಯ ವಿಮಾನ ನಿಲ್ದಾಣ ರಸ್ತೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್, ನಂದಿಬೆಟ್ಟದ ಕಡೆಯ ಗಾಲ್ಫ್‌ಶೈರ್, ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್, ವಿರಾಜಪೇಟೆ ಬಳಿಯ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್, ಮಡಿಕೇರಿಯ ಮರ್ಕೆರಾ ಡೌನ್ಸ್, ಕೊನೆಗೆ ಚಿಕ್ಕಮಗಳೂರು. ಅಲ್ಲಿಂದ ತರೀಕೆರೆಯ ಮೇಲೆ ಹಾದು ಊರಿಗೆ. ಇದಿಷ್ಟೂ ಒಂದೇ ವಾರದಲ್ಲಿ. ಮುಂದಿನ ವರ್ಷಕ್ಕೆ ಸ್ಕಾಟ್ಲೆಂಡ್.

ಹಿರಿಯರೆಂದು ನನ್ನ ಕೈಗೂ ಒಂದು ಪ್ರತಿ ಬಂತು. ಓದುತ್ತ ಹೋದಂತೆ, ಹೆಸರಿರುವ ಜಾಗಕ್ಕೆ ನಾವು ಹೋಗುವುದಾದರೂ ಏಕೆ ಎಂಬ ಹಳೆಯ ಪ್ರಶ್ನೆ ಮತ್ತೆ ಎದುರಿಗೆ ಬಂದು ಕೂತಿತು. ಅಲ್ಲಿಂದ ನಮಗೆ ಬೇಕಾದದ್ದು ಏನು? ಆ ಜಾಗ ಕೊಡಬಲ್ಲದ್ದು ಏನು? ಇವೆರಡೂ ಒಂದನ್ನೊಂದು ಸಂಧಿಸುತ್ತವೆಯೆ?

ಬೇರೆ ಆಟಗಳ ಮಾತು ಬೇರೆ. ಕ್ರಿಕೆಟ್ಟಿನ ಪಿಚ್ಚು ಲಾರ್ಡ್ಸ್‌ನಲ್ಲಿಯೂ 22 ಗಜ, ನಮ್ಮ ಕನಕಮಂಟಪ ಮೈದಾನದಲ್ಲಿಯೂ 22 ಗಜ. ಕಬಡ್ಡಿಯ ಅಂಕಣಕ್ಕೆ, ಟೆನಿಸ್ ಕೋರ್ಟಿಗೆ ಅಳತೆ ಇದೆ. ಗಾಲ್ಫ್‌ನಲ್ಲಿ ಅಂಗಳಕ್ಕೆಂದು ಬಿಗಿಯಾದ ಅಳತೆ ಇರುವುದು ಕೊನೆಯ ಆ ಕುಳಿಗೆ ಮಾತ್ರ, 4.25 ಇಂಚು ಅಗಲ. ಅದನ್ನೂ ಗೊತ್ತುಮಾಡಿದ್ದು 1891ರಲ್ಲಿ. ಉಳಿದದ್ದನ್ನೆಲ್ಲ ನೆಲವೇ ತೀರ್ಮಾನಿಸುತ್ತದೆ. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ಹಳ್ಳ ಅಡ್ಡ ಬರಬೇಕು, ಗಾಳಿ ಯಾವ ಕಡೆಯಿಂದ ಬೀಸಬೇಕು ಎಂಬುದು ಒಂದೊಂದು ಊರಿನಲ್ಲೂ ಒಂದೊಂದು ತೆರ. ಮೈಸೂರಿನಲ್ಲಿ ಚಾಮುಂಡಿಬೆಟ್ಟದ ಬುಡದ ರೇಸ್‌ಕೋರ್ಸಿನೊಳಗೆ ಆಡುವ ಆಟವೂ ಮಡಿಕೇರಿಯ ದಿಬ್ಬಗಳ ಮೇಲೆ ಮಂಜು ಸರಿಯುವುದನ್ನು ಕಾದು ಆಡುವ ಆಟವೂ ನಿಯಮದಲ್ಲಿ ಒಂದೇ, ಅನುಭವದಲ್ಲಿ ಎರಡು. ಆದ್ದರಿಂದ ಊರೂರು ಅಲೆಯುವ ಆಸೆ ಈ ಆಟದ ಹುಟ್ಟಿನಲ್ಲೇ ಇದೆ. ಅದನ್ನು ಬರಿಯ ಶೋಕಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಆದರೆ ಹೆಸರು ಎಂಬುದು ಹೇಗೆ ಬರುತ್ತದೆ?

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಈ ಆಟಕ್ಕೆ ತವರು. ಅಲ್ಲಿ ಮೊದಲಿಗೆ ಇದ್ದದ್ದಾದರೂ ಏನು? ಕಡಲಿಗೂ ಉಳುವ ಹೊಲಕ್ಕೂ ನಡುವಿನ ಮರಳು ನೆಲ, ಉಪ್ಪುಗಾಳಿ, ಕುರುಚಲು ಹುಲ್ಲು. ಬೆಳೆ ಬಾರದ ಜಾಗ. ಕುರಿಗಳು ಗಾಳಿಗೆ ಬೆನ್ನು ಕೊಟ್ಟು ಒತ್ತೊತ್ತಾಗಿ ಮಲಗಿದ ತಗ್ಗುಗಳೇ ಮುಂದೆ ಬಂಕರ್ ಎಂಬ ಮರಳುಗುಳಿಗಳಾದವೆಂದು ಹೇಳುವುದುಂಟು. 1552ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಬರೆಸಿದ ಶಾಸನ, ಊರಿನವರಿಗೆ ಆ ನೆಲದ ಮೇಲೆ ಆಡುವ ಹಕ್ಕನ್ನು ಒಪ್ಪಿಕೊಂಡಿತು. ಮೊದಲಿಗೆ ಒಂದು ಸುತ್ತಿಗೆ 22 ಹೋಲ್‌ಗಳಿದ್ದವು. 1764ರಲ್ಲಿ ಕೆಲವನ್ನು ಕೂಡಿಸಿ 18 ಮಾಡಿದರು. ಜಗತ್ತೆಲ್ಲ ಅದೇ ಲೆಕ್ಕವನ್ನು ಹಿಡಿಯಿತು. 1829ರಲ್ಲಿ ಆಟ ಕಲ್ಕತ್ತೆಗೆ ಬಂತು, 1876ರಲ್ಲಿ ಬೆಂಗಳೂರಿಗೆ. ಯಾರೋ ಒಬ್ಬ ಶಿಲ್ಪಿ ಕೂತು ದೊಡ್ಡದಾಗಿಸಬೇಕೆಂದು ಸಂಕಲ್ಪಿಸಿ ಕಟ್ಟಿದ ನೆಲವಲ್ಲ ಓಲ್ಡ್ ಕೋರ್ಸ್. ಕೆಲಸಕ್ಕೆ ಬಾರದ್ದೆಂದು ಬಿಟ್ಟ ಜಾಗಕ್ಕೆ ಜನ ತಲೆಮಾರುಗಳ ಕಾಲ ಮರಳಿ ಮರಳಿ ಹೋದರು. ಹೋದ ಹೆಜ್ಜೆಗಳೇ ಅದಕ್ಕೆ ಹೆಸರು ಕೊಟ್ಟವು.

ಆ ಹೆಜ್ಜೆಗಳಲ್ಲಿ ಬಾಬಿ ಜೋನ್ಸ್ ಎಂಬ ಅಮೆರಿಕದ ಯುವಕನದೂ ಒಂದು. 1921ರಲ್ಲಿ ಬ್ರಿಟಿಷ್ ಓಪನ್ ಸ್ಪರ್ಧೆಗೆಂದು ಅವನು ಓಲ್ಡ್ ಕೋರ್ಸಿಗೆ ಮೊದಲ ಸಲ ಬಂದಾಗ ವಯಸ್ಸು ಹತ್ತೊಂಬತ್ತು. ಆ ನೆಲ ಅವನಿಗೆ ಹಿಡಿಸಲಿಲ್ಲ. ಮೂರನೆಯ ಸುತ್ತಿನಲ್ಲಿ ಹೊಡೆತಗಳು ಕೈಮೀರಿದವು. ಹನ್ನೊಂದನೆಯ ಹೋಲಿನ ಬಂಕರ್‌ನಲ್ಲಿ ಸಿಕ್ಕಿಬಿದ್ದು, ಚೆಂಡನ್ನು ಎತ್ತಿಕೊಂಡು ಸ್ಪರ್ಧೆಯಿಂದಲೇ ಹೊರಬಂದ. ಅವನ ಕಥೆ ಅಲ್ಲಿಗೇ ಮುಗಿದಿದ್ದರೆ? ಒಂದು ಸಲ ನೋಡಿದೆ, ಸಾಕು, ಅಷ್ಟೇನೂ ದೊಡ್ಡದಲ್ಲ ಎಂದು ಮುಂದಿನ ಊರಿಗೆ ಹೋಗಿಬಿಟ್ಟಿದ್ದರೆ? ಅವನು ಮತ್ತೆ ಬಂದ. 1927ರಲ್ಲಿ ಅದೇ ನೆಲದ ಮೇಲೆ ಓಪನ್ ಗೆದ್ದ, 1930ರಲ್ಲಿ ಬ್ರಿಟಿಷ್ ಅಮೆಚೂರ್ ಗೆದ್ದ. 1958ರಲ್ಲಿ, ಕಾಯಿಲೆಯಿಂದ ಕಾಲು ಸೋತ ಕಾಲದಲ್ಲಿ, ಸೇಂಟ್ ಆಂಡ್ರೂಸ್ ಊರು ಅವನನ್ನು ತನ್ನ ನಾಗರಿಕನೆಂದು ಗೌರವಿಸಿತು. ಅವನಿಗೂ ಮೊದಲು ಆ ಮನ್ನಣೆ ಪಡೆದ ಅಮೆರಿಕನ್ ಒಬ್ಬನೇ, ಬೆಂಜಮಿನ್ ಫ್ರಾಂಕ್ಲಿನ್.

ದೊಡ್ಡ ನೆಲಕ್ಕೂ ನಮಗೂ ಇರಬೇಕಾದ ಸಂಬಂಧದ ಗುಟ್ಟು ಇಲ್ಲಿದೆ ಎಂದು ನನಗೆ ಅನಿಸುತ್ತದೆ. ಮೊದಲ ಭೇಟಿಯಲ್ಲಿ ನಮಗೆ ಸಿಗುವುದು ಇತರರು ಕಟ್ಟಿದ ಹೆಸರು. ನಮ್ಮದೇ ಆದದ್ದು ಸಿಗತೊಡಗುವುದು ಎರಡನೆಯ ಭೇಟಿಯಿಂದ. ಮೊದಲ ದಿನ ನಾವು ಎಲ್ಲವನ್ನೂ ಕೇಳಿದ್ದಕ್ಕೆ, ಓದಿದ್ದಕ್ಕೆ ಹೊಂದಿಸಿ ನೋಡುತ್ತಿರುತ್ತೇವೆ. ಇದೇ ಆ ಸೇತುವೆ, ಇದೇ ಆ ಬಂಕರ್ ಎಂದು ಗುರುತಿಸುವುದರಲ್ಲೇ ಹೊತ್ತು ಕಳೆಯುತ್ತದೆ. ಗುರುತಿಸುವ ಕೆಲಸ ಮುಗಿದ ಮೇಲೆ ಉಳಿಯುವುದೇ ನೋಡುವ ಕೆಲಸ. ಏಳು ಕೋರ್ಸ್‌ಗಳನ್ನು ಏಳು ದಿನದಲ್ಲಿ ಆಡಿದವರು ಏಳು ಸಲ ಗುರುತಿಸಿರುತ್ತಾರೆ. ನೋಡಿದ್ದು ಎಷ್ಟು?

ಇದನ್ನು ಕಣ್ಣಾರೆ ಕಾಣಬೇಕಿದ್ದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಾದ ಗ್ರೀನ್ ಮೇಲೆ ನಿಂತ, ಆಟಗಾರರ ಚೀಲ ಹೊರುವ ಒಬ್ಬ ಕ್ಯಾಡಿಯನ್ನು ಗಮನಿಸಬೇಕು. ಮೈಸೂರಿನಲ್ಲಿ ಗೆಳೆಯರೊಬ್ಬರ ಆಟದ ಜೊತೆಗೆ ನಡೆದ ಒಂದು ಬೆಳಗು ನನಗೆ ಸ್ಪಷ್ಟವಾಗಿ ನೆನಪಿದೆ. ಚೆಂಡು ಕುಳಿಯಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ನಮ್ಮ ಕಣ್ಣಿಗೆ ನೆಲ ಚಪ್ಪಟೆ. ಕ್ಯಾಡಿ ಚೆಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತ, ಒಂದು ಕಣ್ಣು ಮುಚ್ಚಿದ, ಎದ್ದು ಕುಳಿಯ ಆಚೆ ಹೋಗಿ ಅಲ್ಲಿಂದಲೂ ನೋಡಿದ, ಪಾದವನ್ನು ಹುಲ್ಲಿನ ಮೇಲೆ ಮೆಲ್ಲಗೆ ಒತ್ತಿದ. ಆಮೇಲೆ ಬಂದು ಬಾವುಟದ ಕೋಲಿನಿಂದ ಕುಳಿಯ ಎಡಕ್ಕೆ ಒಂದು ಗೇಣು ದೂರದ ಒಂದು ಜಾಗ ತೋರಿಸಿ, “ಇಲ್ಲಿಗೆ ಹೊಡೀರಿ ಸಾರ್. ಬೆಟ್ಟದ ಕಡೆಯಿಂದ ಈ ಕಡೆಗೆ ಓಡುತ್ತೆ” ಎಂದ. ಚೆಂಡು ಅಲ್ಲಿಗೆ ಹೋಯಿತು, ಯೋಚಿಸಿದಂತೆ ಒಂದು ಕ್ಷಣ ನಿಧಾನವಾಯಿತು, ಬಲಕ್ಕೆ ಹೊರಳಿ ಕುಳಿಯೊಳಗೆ ಬಿತ್ತು. ನಾವು ಕಾಣದ ಇಳಿಜಾರನ್ನು ಅವನು ಹೇಗೆ ಕಂಡ? ಯಾವ ಪುಸ್ತಕದಲ್ಲೂ ಅವನು ಅದನ್ನು ಓದಿರಲಿಲ್ಲ. ಮಳೆ ಬಿದ್ದ ಮರುದಿನ, ಬೇಸಿಗೆಯ ಮಧ್ಯಾಹ್ನ, ಹುಲ್ಲು ಕತ್ತರಿಸಿದ ಬೆಳಗ್ಗೆ, ಹೀಗೆ ಎಲ್ಲ ಹೊತ್ತಿನಲ್ಲೂ ಆ ನೆಲವನ್ನು ಮೆಟ್ಟಿದ್ದ, ಅಷ್ಟೆ. ಒಂದು ಜಾಗವನ್ನು ಬಲ್ಲವನೆಂದು ಹೇಳಿಕೊಳ್ಳುವ ಅರ್ಹತೆ ಆ ಬೆಳಗ್ಗೆ ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಇತ್ತು.

ಹಾಗಾಗಿ ಹುಡುಗರಿಗೆ ನಾನು ಹೇಳಿದ್ದು ಇಷ್ಟು: ಏಳರಲ್ಲಿ ನಾಲ್ಕನ್ನು ಬಿಡಿ, ಉಳಿದ ಮೂರರಲ್ಲಿ ಎರಡೆರಡು ದಿನ ಇರಿ. ಒಂದು ಸುತ್ತು ಎಂದರೆ ನಾಲ್ಕು ತಾಸಿಗೂ ಮೀರಿದ ನಡಿಗೆ. ಅದನ್ನು ಮುಗಿಸಿ ಬೆವರಾರುವ ಮೊದಲೇ ಕಾರು ಹತ್ತಿ ಘಟ್ಟದ ತಿರುವುಗಳಲ್ಲಿ ಸಂಜೆಯವರೆಗೆ ಕೂತು, ಮರುದಿನ ಬೆಳಗ್ಗೆ ಹೊಸ ನೆಲದ ಮೇಲೆ ನಿಂತರೆ ದೇಹ ಬಂದಿರುತ್ತದೆ, ಮನಸ್ಸು ಹಿಂದಿನ ಊರಿನಲ್ಲೇ ಉಳಿದಿರುತ್ತದೆ. ಮಲೆನಾಡಿನ, ಕೊಡಗಿನ ಕೋರ್ಸ್‌ಗಳಿಗೆ ಅವುಗಳದೇ ಆದ ಋತುವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಕಾಲ, ಅದರ ಮಧ್ಯೆ ಆಟಕ್ಕೆ ಹಟ ಹಿಡಿಯಬಾರದು. ಅಕ್ಟೋಬರ್ ಕಳೆದ ಮೇಲೆ ಹುಲ್ಲು ನಿಂತಿರುತ್ತದೆ, ನೆಲ ಗಟ್ಟಿಯಾಗಿರುತ್ತದೆ, ಆಗ ಹೋಗುವುದು ಸರಿ. ವಾರದ ಕೊನೆಯಲ್ಲಿ ಸದಸ್ಯರಿಗೇ ಮೊದಲ ಹಕ್ಕು. ಅತಿಥಿಗಳು ವಾರದ ನಡುವೆ ಹೋಗುವುದು ಮರ್ಯಾದೆ, ಅನುಕೂಲವೂ ಹೌದು. ಮಡಿಕೇರಿಯಲ್ಲಿ ಮಂಜು ಇಳಿದು ಎದುರಿನ ಬಾವುಟವೇ ಕಾಣದಂತಾದರೆ ಆ ದಿನ ಆಡದೆ ಇರಲು ಯೋಜನೆಯಲ್ಲಿ ಜಾಗ ಬೇಕು. ಆಡದ ದಿನವನ್ನು ನಷ್ಟವೆಂದು ಎಣಿಸುವ ಯೋಜನೆ ಪ್ರವಾಸವನ್ನೂ ದುಡಿಮೆಯಾಗಿಸುತ್ತದೆ. ರಜೆಯಲ್ಲೂ ಗುರಿ ಮುಟ್ಟಿದ ಲೆಕ್ಕ ಒಪ್ಪಿಸಬೇಕೆಂದರೆ ರಜೆ ಬೇಡಿದ್ದಾದರೂ ಯಾತಕ್ಕೆ?

ಪಟ್ಟಿಯಲ್ಲಿ ಕಾಣದ ಒಂದು ಹೆಸರನ್ನೂ ನೆನಪಿಸಿದೆ. ಶಿವಮೊಗ್ಗದಲ್ಲೇ ಕಿಮ್ಮನೆ ಗಾಲ್ಫ್ ರೆಸಾರ್ಟ್ ಇದೆ. ಇಲ್ಲಿ ಹುಟ್ಟಿ ಬೆಳೆದವರ ಪಟ್ಟಿಯಲ್ಲಿ ಅದು ಇರಲಿಲ್ಲ. ಹತ್ತಿರದ್ದಕ್ಕೆ ಹೆಸರು ಬರುವುದು ಕಷ್ಟ, ಏಕೆಂದರೆ ಅದಕ್ಕಾಗಿ ನಾವು ಏನನ್ನೂ ತೆತ್ತಿರುವುದಿಲ್ಲ. ಆದರೆ ಹತ್ತಿರದ್ದು ಏನು ಕೊಡಬಲ್ಲದೆಂಬುದಕ್ಕೆ ಒಂದು ನಿದರ್ಶನವಿದೆ. 2021ರ ಆಗಸ್ಟ್ 7ರ ಮುಂಜಾನೆ ಗಾಲ್ಫ್‌ನ ಗಂಧವೇ ಇಲ್ಲದ ನಮ್ಮ ಎಷ್ಟೋ ಮನೆಗಳಲ್ಲಿ ಟೀವಿ ಉರಿಯುತ್ತಿತ್ತು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕದ ಅಂಚಿನಲ್ಲಿದ್ದಳು, ತಾಯಿ ಅವಳ ಕ್ಯಾಡಿಯಾಗಿ ಜೊತೆಗಿದ್ದರು. ಒಂದೇ ಒಂದು ಹೊಡೆತದ ಅಂತರದಲ್ಲಿ ಅವಳು ನಾಲ್ಕನೆಯವಳಾದಳು. ಆ ಹುಡುಗಿ ಆಟವನ್ನು ಮೊದಲು ಕಂಡದ್ದು ಹೆಸರಾಂತ ಜಾಗಕ್ಕೆ ಯಾತ್ರೆ ಹೋಗಿ ಅಲ್ಲ. ಐದು ವರ್ಷದವಳಿದ್ದಾಗ ಮನೆಯವರೊಂದಿಗೆ ತಿಂಡಿಗೆ ಹೋದ ಹೋಟೆಲಿನಿಂದ ಪಕ್ಕದ ಕೋರ್ಸಿನಲ್ಲಿ ಜನ ಚೆಂಡು ಹೊಡೆಯುವುದು ಕಾಣುತ್ತಿತ್ತು. ಅದೇನೆಂದು ಕೇಳಿ ಒಳಗೆ ಹೋದಳು. ಹತ್ತಿರದಲ್ಲೇ ಇದ್ದದ್ದು ಅವಳನ್ನು ಟೋಕಿಯೊವರೆಗೆ ಒಯ್ದಿತು.

ಹೆಸರಾಂತ ನೆಲಕ್ಕೆ ಹೋದವರನ್ನು ಕಾಡುವ ಒಂದು ಪ್ರಲೋಭನೆ ಇದೆ. ಅದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಹಿಂತಿರುಗಿದ ಮೇಲೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, “ಎಷ್ಟಕ್ಕೆ ಮುಗಿಸಿದಿರಿ?” ಕಡಿಮೆ ಹೊಡೆತವೇ ಹೆಚ್ಚುಗಾರಿಕೆಯಾದ್ದರಿಂದ, ಅಂಥ ಕಡೆ ಅಷ್ಟು ಖರ್ಚು ಮಾಡಿ ಹೋದವನಿಗೆ ದೊಡ್ಡ ಅಂಕೆ ಹೇಳಲು ನಾಲಿಗೆ ಹಿಂಜರಿಯುತ್ತದೆ. ಈ ಆಟದಲ್ಲಿ ಬೆನ್ನಿಗೆ ಅಂಪೈರ್ ಇರುವುದಿಲ್ಲ. ಪೊದೆಯ ಮರೆಯಲ್ಲಿ ಚೆಂಡು ಒಂದಿಷ್ಟು ಸರಿದರೆ ನೋಡಿದವನು ತಾನೊಬ್ಬನೇ. ಕಾರ್ಡಿನಲ್ಲಿ ಏನು ಬರೆಯಬೇಕು? 1925ರ ಅಮೆರಿಕನ್ ಓಪನ್‌ನಲ್ಲಿ ಇದೇ ಬಾಬಿ ಜೋನ್ಸ್, ಯಾರೂ ಕಾಣದಿದ್ದರೂ ತನ್ನ ಚೆಂಡು ಅಲುಗಿತೆಂದು ತಾನೇ ಹೇಳಿ ಒಂದು ಹೊಡೆತದ ದಂಡ ಹಾಕಿಕೊಂಡ. ಆ ಒಂದು ಹೊಡೆತ ಇಲ್ಲದಿದ್ದರೆ ನೇರವಾಗಿ ಗೆಲ್ಲುತ್ತಿದ್ದ. ಅದರಿಂದಾಗಿ ಸಮಬಲವಾಗಿ, ಮತ್ತೆ ಆಡಬೇಕಾಗಿ ಬಂದು, ಸೋತ. ಜನ ಹೊಗಳಿದಾಗ ಅವನಿಗೆ ಅದು ಹೊಗಳುವ ವಿಷಯವೆಂದೇ ತೋರಲಿಲ್ಲ.

ಇದನ್ನು ಅರ್ಥಮಾಡಿಕೊಳ್ಳಲು ಭದ್ರಾವತಿಯವರಾದ ನಾವು ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಇದೇ ಊರಿನಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1980ರ ಫೆಬ್ರವರಿಯಲ್ಲಿ ಬೊಂಬಾಯಿಯ ಸುವರ್ಣ ಮಹೋತ್ಸವ ಟೆಸ್ಟ್ ಪಂದ್ಯದಲ್ಲಿ ಭಾರತದ ನಾಯಕರಾಗಿದ್ದರು. ಇಂಗ್ಲೆಂಡಿನ ಬಾಬ್ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿಯಾಗಿತ್ತು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಮನಗಂಡ ವಿಶ್ವನಾಥ್, ಟೇಲರ್ ಅವರನ್ನು ಮರಳಿ ಆಡಲು ಕರೆದರು. ಟೇಲರ್ ಬೋಥಮ್ ಜೊತೆ ನಿಂತು 171 ರನ್ನು ಸೇರಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಆ ಪಂದ್ಯವನ್ನು ಗೆದ್ದವರು ಯಾರೆಂದು ಮರೆತವರೂ ವಿಶ್ವನಾಥ್ ಮಾಡಿದ್ದನ್ನು ಮರೆತಿಲ್ಲ. ನಮ್ಮ ಹುಡುಗರು ಯಾವ ಕೋರ್ಸಿಗೇ ಹೋಗಲಿ, ಈ ಊರಿನಿಂದ ಒಯ್ಯಬೇಕಾದ ಸಾಮಾನುಗಳಲ್ಲಿ ಇದೂ ಒಂದೆಂದು ನಾನು ಬಲವಾಗಿ ನಂಬುತ್ತೇನೆ. ಅಲ್ಲಿ ನೂರಿಪ್ಪತ್ತು ಹೊಡೆದರೆ ನೂರಿಪ್ಪತ್ತೆಂದೇ ಬರೆಯಲಿ, ಮನೆಗೆ ಬಂದು ನೂರಿಪ್ಪತ್ತೆಂದೇ ಹೇಳಲಿ.

ಇನ್ನು ನೆಲದ ಮಾತು. ಈ ಆಟ ಬಹಳ ನೆಲ ಬೇಡುತ್ತದೆ, ಬಹಳ ನೀರು ಬೇಡುತ್ತದೆ. ಲಕ್ಕವಳ್ಳಿಯ ಅಣೆಕಟ್ಟೆಯಿಂದ ನಾಲೆಗೆ ನೀರು ಬಿಡುವ ದಿನವನ್ನು ಕಾದು ಬದುಕುವ ಭದ್ರಾ ಬಯಲಿನ ನಾವು ಹಸಿರು ಹಾಸನ್ನು ಕಂಡಾಗ, ಇದಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳದೆ ಇರಲಾರೆವು. ಕೇಳುವುದೇ ಸರಿ. ನಗರದ ಕೊಳಚೆಯನ್ನು ಸಂಸ್ಕರಿಸಿ ಅದೇ ನೀರಿನಲ್ಲಿ ಹುಲ್ಲು ಬೆಳೆಸುವ ಕೋರ್ಸ್‌ಗಳೂ ಇವೆ. ಒಂದು ಜಾಗವನ್ನು ಆರಿಸುವಾಗ ಇದನ್ನೂ ಅದರ ಹಿರಿಮೆಗೆ ಸೇರಿಸಿ ತೂಗಬೇಡವೆ?

ನೆಲ ಯಾರದು ಎಂಬುದು ಇನ್ನೂ ಆಳದ ಪ್ರಶ್ನೆ. ಜೋನ್ಸ್ ಮುಂದೆ ನಿಂತು ಕಟ್ಟಿಸಿದ ಆಗಸ್ಟಾ ನ್ಯಾಷನಲ್ ಜಗತ್ಪ್ರಸಿದ್ಧ, ಆದರೆ ಸದಸ್ಯರು ಕರೆದೊಯ್ಯದೆ ಅಲ್ಲಿ ಹೊರಗಿನವರು ಆಡುವಂತಿಲ್ಲ. ಅವನನ್ನು ಮಣಿಸಿ ಆಮೇಲೆ ಒಲಿದ ಓಲ್ಡ್ ಕೋರ್ಸ್ ಊರಿನ ಸ್ವತ್ತು. ಆ ಸ್ವತ್ತು ಸುಮ್ಮನೆ ಉಳಿದದ್ದಲ್ಲ. 1797ರಲ್ಲಿ ದಿವಾಳಿಯೆದ್ದ ಊರಾಡಳಿತ ಆ ನೆಲವನ್ನು ಮೊಲ ಸಾಕುವ ವ್ಯಾಪಾರಿಗಳ ಕೈಗೆ ಬಿಟ್ಟಿತ್ತು. ಆಡುವವರಿಗೂ ಅವರಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರ ಅದನ್ನು ಕೊಂಡು ಆಟಕ್ಕೆ ಉಳಿಸಿದ, 1894ರಲ್ಲಿ ಅದು ಮತ್ತೆ ಊರಿನದಾಯಿತು. ಇಂದಿಗೂ ಭಾನುವಾರ ವಾಡಿಕೆಯಾಗಿ ಅಲ್ಲಿ ಆಟವಿಲ್ಲ. ಊರಿನವರು ಮಕ್ಕಳನ್ನು, ನಾಯಿಗಳನ್ನು ಕರೆದುಕೊಂಡು ಚಾಂಪಿಯನ್ನರು ನಡೆದ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ. ಗೋಮಾಳವೂ ಕೆರೆಯಂಗಳವೂ ಒಂದೊಂದಾಗಿ ಬೇಲಿಯೊಳಗೆ ಸೇರಿಹೋಗುವುದನ್ನು ಕಂಡ ನಮ್ಮ ತಲೆಮಾರಿಗೆ ಇದು ಸಣ್ಣ ಸಂಗತಿಯಾಗಿ ತೋರುವುದಿಲ್ಲ. ಸ್ಕಾಟ್ಲೆಂಡಿಗೆ ಹೋಗುವ ವರ್ಷ ಭಾನುವಾರ ಆಟ ಸಿಗುವುದಿಲ್ಲವಲ್ಲ ಎಂದು ಹುಡುಗರು ಆ ದಿನಕ್ಕೆ ಬೇರೆ ಊರನ್ನು ಹುಡುಕುತ್ತಿದ್ದರು. ಆ ಭಾನುವಾರ ಅಲ್ಲೇ ಇರಿ, ಕೋಲು ಚೀಲ ಕೋಣೆಯಲ್ಲಿಟ್ಟು ಬರಿಗೈಯಲ್ಲಿ ನಡೆಯಿರಿ ಎಂದೆ.

ನಮ್ಮಲ್ಲಿಯೂ ಅಂಥದೊಂದು ದಿನವಿದೆ, ಬೇರೆ ರೂಪದಲ್ಲಿ. ಹಲವು ಕ್ಲಬ್ಬುಗಳಲ್ಲಿ ಸೋಮವಾರ ಕೋರ್ಸಿಗೆ ರಜೆ. ಅಂದು ಕ್ಯಾಡಿಗಳು ಆಡುತ್ತಾರೆ. ವಾರವೆಲ್ಲ ಇತರರ ಚೀಲ ಹೊತ್ತು, ಇತರರು ಕಿತ್ತ ಹುಲ್ಲಿನ ಹೆಂಟೆಯನ್ನು ಮರಳಿ ಒತ್ತಿ ಕೂಡಿಸಿ, ಬಂಕರ್‌ನ ಮರಳಿನಲ್ಲಿ ಮೂಡಿದ ಹೆಜ್ಜೆಗಳನ್ನು ಕುಂಟೆಯಿಂದ ಸಮಮಾಡಿ ಬಂದವರು ಅಂದು ತಮ್ಮ ಚೆಂಡನ್ನು ತಾವು ಟೀ ಮೇಲೆ ಇಡುತ್ತಾರೆ. ಬಿಡದಿ ಬಳಿಯ ಈಗಲ್‌ಟನ್ ಕೋರ್ಸಿನ ಪಕ್ಕದ ಹಳ್ಳಿಯಲ್ಲಿ ಬಡತನದಲ್ಲಿ ಬೆಳೆದ ಚಿಕ್ಕರಂಗಪ್ಪ, ಆ ಕೋರ್ಸಿನಲ್ಲೇ ಆಟ ಕಲಿತು ದೇಶದ ಮುಂಚೂಣಿಯ ವೃತ್ತಿಪರ ಆಟಗಾರರಾದರು. ಅಂಥ ಎಷ್ಟು ಜನರ ಕೈಯಲ್ಲಿ ಆಟ ಇದೆಯೋ, ಅವಕಾಶ ಇಲ್ಲವೋ, ಬಲ್ಲವರು ಯಾರು?

ಹುಡುಗರ ಪಟ್ಟಿಯಲ್ಲಿ ಸೋಮವಾರದ ಎದುರಿಗೆ “ಪ್ರಯಾಣ” ಎಂದು ಬರೆದಿತ್ತು. ಅದನ್ನು ಮಂಗಳವಾರಕ್ಕೆ ಹಾಕಿ, ಸೋಮವಾರ ಮೈಸೂರಿನಲ್ಲೇ ಉಳಿಯಿರಿ ಎಂದು ಹೇಳಿದ್ದೇನೆ. ಕ್ಲಬ್ಬಿನ ಕಾರ್ಯದರ್ಶಿಯವರ ಒಪ್ಪಿಗೆ ಕೇಳಿಕೊಂಡು, ಚೀಲ ಹೊರುವವರ ಆಟವನ್ನು ಒಂದು ಸುತ್ತು ಹಿಂದೆ ನಡೆದು ನೋಡಲಿ. ಬೇಕಿದ್ದರೆ ಚೀಲವನ್ನೂ ಹೊರಲಿ. ಹಿರಿಯ ಹುಡುಗ ಒಪ್ಪಿದ್ದಾನೆ, ಉಳಿದವರು ಇನ್ನೂ ಯೋಚಿಸುತ್ತಿದ್ದಾರೆ.